ಹಳದಿ ಬಾಗಿಲ ಮೇಲೆ ಹಸಿರು

"ಮೊದಲು ಆ ಬಾಗಿಲಿಂದ ಕೈ ತೆಗೀರಿ!"

ಸ್ಟೂಲಿನ ಮೇಲೆ ನಿಂತಿದ್ದವನು ಬೆಚ್ಚಿ ತಿರುಗಿದ. ಬಲಗೈಯಲ್ಲಿ ಬ್ರಷ್, ಎಡಗೈಯಲ್ಲಿ ಡಬ್ಬ. ಬಾಗಿಲಿನ ಮೇಲರ್ಧ ಆಗಲೇ ಕಡು ಹಸಿರಾಗಿತ್ತು. ಕೆಳಗಿನ ಅರ್ಧ ಇನ್ನೂ ಹಳದಿ... ಅವಳೇ ಎರಡು ಭಾನುವಾರ ಕೂತು ಬಳಿದ ಹಳದಿ!

ಮಧ್ಯಾಹ್ನದ ಊಟಕ್ಕೆಂದು ಕನ್ನಡಕದ ಅಂಗಡಿಯಿಂದ ಮನೆಗೆ ಬಂದವಳಿಗೆ ಹಸಿವು ಅಲ್ಲೇ ಸತ್ತುಹೋಯಿತು.

"ಯಾರ್ರೀ ನೀವು? ನಮ್ಮ ಬಾಗಿಲಿಗೆ ಬಣ್ಣ ಬಳಿಯೋಕೆ ಯಾರು ಹೇಳಿದ್ರು?"

"ಬಾಗಿಲು ನಿಮ್ಮದೊಂದೇ ಅಲ್ಲ, ನಂದೂ ಹೌದು. ಮಹಡಿ ಮನೆಗೆ ಹೊಸದಾಗಿ ಬಂದಿದ್ದೀನಿ."

ಅವಳಿಗೆ ನೆನಪಾಯಿತು. ಬೀದಿಯ ಬಾಗಿಲು ಎರಡೂ ಮನೆಗೆ ಒಂದೇ. ಒಳಗೆ ಬಂದರೆ ಎಡಗಡೆ ಅವಳ ಮತ್ತು ಅಮ್ಮನ ಮನೆ, ನೇರಕ್ಕೆ ಮಹಡಿಯ ಮೆಟ್ಟಿಲು. ಕೆಲವು ದಿನಗಳಿಂದ ಮುಂಜಾನೆ ಆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಮುಖ ನೋಡಿರಲಿಲ್ಲ. ಸಿಟಿ ಬಸ್ ಡ್ರೈವರ್ ಎಂದು ಅಮ್ಮ ಹೇಳಿದ್ದಳು.

"ಓನರ್‌ನ ಕೇಳಿದ್ರಾ?"

"ಕೇಳಿದೆ. ಯಾವ ಬಣ್ಣನಾದ್ರೂ ಬಳ್ಕೊಳ್ಳಿ, ನನ್ನ ತಲೆ ತಿನ್ನಬೇಡಿ ಅಂದ್ರು."

"ನನ್ನನ್ನ ಕೇಳಿದ್ರಾ?"

ಬ್ರಷ್ಷಿನಿಂದ ಒಂದು ಹಸಿರು ಹನಿ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಬಿತ್ತು.

"ಕೇಳ್ತಿರೋದು ನಿಮ್ಮನ್ನೇ! ಇದ್ದಕ್ಕಿದ್ದ ಹಾಗೆ ಹಸಿರು ಯಾಕೆ?"

"ನನಗೆ... ಹಸಿರು ಇಷ್ಟ."

"ಇಷ್ಟಾನಾ!" ಅವಳ ದನಿ ಇಡೀ ಬೀದಿಗೆ ಕೇಳಿಸಿತು. "ನೋಡಿ, ಈ ಸಾಲಿನ ಎಲ್ಲಾ ಮನೆಗೂ ಬಿಳೀ ಬಾಗಿಲು. ನಮ್ಮಮ್ಮನಿಗೆ ಕಣ್ಣು ಸರಿ ಕಾಣಲ್ಲ. ಈ ಹಳದಿ ನೋಡ್ಕೊಂಡೇ ಅವರು ದಿನಾ ಒಬ್ಬರೇ ವಾಕಿಂಗ್ ಹೋಗಿ ಮನೆಗೆ ಬರೋದು. ಗೊತ್ತಾ ನಿಮಗೆ?"

"ಗೊತ್ತು" ಎಂದುಬಿಟ್ಟ. ಮರುಕ್ಷಣವೇ ತುಟಿ ಕಚ್ಚಿಕೊಂಡ.

ಆ ಒಂದು ಮಾತಿಗೆ ಅವಳ ಮೈಯೆಲ್ಲಾ ಉರಿದುಹೋಯಿತು. ಗೊತ್ತಿಲ್ಲದೆ ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಗೊತ್ತಿದ್ದೂ ಮಾಡಿದ್ದಾನೆ...!

"ಮನುಷ್ಯರಾ ನೀವು?"

"ಯಾರೇ ಅದು ಬೀದೀಲಿ ಕೂಗಾಡ್ತಿರೋದು? ಪುಟ್ಟೀನಾ?" ಒಳಗಿನಿಂದ ಅಮ್ಮನ ದನಿ.

"ನಿಮ್ಮ ಮಗಳನ್ನ ಬಿಟ್ಟರೆ ಈ ಬೀದೀಲಿ ಕೂಗೋರು ಇನ್ಯಾರಿದ್ದಾರೆ?" ಎದುರುಮನೆಯ ಕಿಟಕಿಯಿಂದ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಉತ್ತರ ಕೊಟ್ಟರು.

ಅವಳು ಅವನ ಕೈಯಿಂದ ಬ್ರಷ್ ಕಿತ್ತುಕೊಂಡು ಒಳಗೆ ಹೋದಳು. ಬಾಗಿಲನ್ನು ದಡಾರನೆ ಹಾಕಿದಳು. ಹಸಿ ಬಣ್ಣ ಅಂಗೈಗೆ ಮೆತ್ತಿಕೊಂಡಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು!

*

ಅರ್ಧ ಹಸಿರು, ಅರ್ಧ ಹಳದಿ ಬಾಗಿಲು ಭಾನುವಾರದವರೆಗೆ ಹಾಗೇ ಇತ್ತು. ಅಲ್ಲಿಯವರೆಗೆ ಅಮ್ಮ ಹೊರಗೆ ಕಾಲಿಡಬಾರದು ಎಂದು ಅವಳು ಕಟ್ಟಪ್ಪಣೆ ಮಾಡಿದ್ದಳು.

"ಹಸಿರೇ ಇರಲಿ ಬಿಡೇ ಪುಟ್ಟಿ. ಆ ಹುಡುಗ ಕೆಟ್ಟವನಲ್ಲ" ಎಂದಳು ಅಮ್ಮ.

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಇಡೀ ಊರಿನ ನಂಬರುಗಳು ಅವಳ ನಾಲಿಗೆಯ ಮೇಲಿದ್ದ ಕಾಲವಿತ್ತು. ಈಗ ಕಣ್ಣಿನ ರೆಟಿನಾದ ನಡುಭಾಗ ಸವೆಯುತ್ತಿತ್ತು. ಅಂಚಿನ ನೋಟ ಚೆನ್ನಾಗಿತ್ತು, ಯಾವುದಕ್ಕೂ ಡಿಕ್ಕಿ ಹೊಡೆಯದೆ ನಡೆಯುತ್ತಿದ್ದಳು. ಎದುರಿನವರ ಮುಖ ಮಾತ್ರ ಮಸುಕು. ಇದಕ್ಕೆ ಔಷಧಿಯಿಲ್ಲ, ಗಮನಿಸುತ್ತಿರಿ ಎಂದು ಡಾಕ್ಟರ್ ಹೇಳಿದ್ದರು. ಗಮನಿಸುವ ಕೆಲಸ ಮಗಳದು. ಮೂರು ತಿಂಗಳಿಗೊಮ್ಮೆ ತನ್ನ ಅಂಗಡಿಯಲ್ಲೇ ಕೂರಿಸಿ ಅಕ್ಷರದ ಚಾರ್ಟ್ ಓದಿಸುತ್ತಿದ್ದಳು. ಎರಡು ವರ್ಷದಿಂದ ಒಂದು ಸಾಲೂ ಕಡಿಮೆಯಾಗಿರಲಿಲ್ಲ. ಅದು ಅವಳ ಹೆಮ್ಮೆ!

ಭಾನುವಾರ ಬೆಳಗ್ಗೆ ಹಳದಿ ಡಬ್ಬ ಹಿಡಿದು ನಿಂತಳು. ಹಸಿರಿನ ಮೇಲೆ ಹಳದಿ ಬಳಿದರೆ ಅದು ಹಳದಿಯಾಗಲೇ ಇಲ್ಲ. ಜ್ವರ ಬಂದವರ ನಾಲಿಗೆಯ ಬಣ್ಣಕ್ಕೆ ತಿರುಗಿತು. ಇನ್ನೊಂದು ಕೋಟ್ ಬಳಿದಳು. ಅದೂ ಹಾಗೇ.

ಮೆಟ್ಟಿಲಿಳಿದು ಬಂದ ಡ್ರೈವರ್ ಒಂದು ಗಳಿಗೆ ನಿಂತ.

"ಮೊದಲು ಬಿಳೀ ಕೋಟ್ ಹೊಡೀಬೇಕು. ಹಳದಿ ಅಷ್ಟು ಸುಲಭಕ್ಕೆ ಮುಚ್ಚಲ್ಲ."

"ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಇಲ್ಲ."

"ಮತ್ತೆ?"

"ಮೂಗಿನ ಮೇಲೆ ಬಣ್ಣ ಆಗಿದೆ. ಅದನ್ನೂ ಹೇಳ್ಬಾರ್ದಾ?"

ಟೈಲರಮ್ಮ ಕಿಟಕಿಯಲ್ಲಿ ಕಿಸಕ್ಕನೆ ನಕ್ಕರು. ಅವನು ಹೋದ ಮೇಲೆ ಅವಳು ಬಿಳಿ ಬಣ್ಣದ ಡಬ್ಬ ತಂದಳು. ಅವನು ಹೇಳಿದ್ದಕ್ಕಲ್ಲ, ಬೇರೆ ದಾರಿಯಿರಲಿಲ್ಲ ಅಷ್ಟೇ! ಹಾಗೆಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ಸಂಜೆಗೆ ಬಾಗಿಲು ಮತ್ತೆ ಹಳದಿಯಾಯಿತು. ಅವನು ಡ್ಯೂಟಿ ಮುಗಿಸಿ ಬಂದು ನೋಡಿದ. ಜಗಳಕ್ಕೆ ಬರಲಿಲ್ಲ. ಅವನ ಮುಖದಲ್ಲಿ ಸೋತವನ ಸಿಟ್ಟೂ ಇರಲಿಲ್ಲ... ಭಯವಿತ್ತು.

*ಬಣ್ಣ ನೋಡಿ ಯಾರಾದ್ರೂ ಹೆದರ್ತಾರಾ?*

ಅಂದಿನಿಂದ ಮುಂಜಾನೆ ಬೂಟಿನ ಸದ್ದಿಗೆ ಅವಳಿಗೆ ಎಚ್ಚರವಾಗತೊಡಗಿತು. ಅವನು ಅವಳ ಬಾಗಿಲ ಮುಂದೆ ಮಾತ್ರ ಹೆಜ್ಜೆಯನ್ನು ಹಗುರ ಮಾಡುತ್ತಿದ್ದ. ಅದನ್ನು ತಾನು ಗಮನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು. *ಇವನ ಬೂಟಿಗೆ ನಾನ್ಯಾಕೆ ಕಿವಿ ಕೊಟ್ಕೊಂಡು ಮಲಗಿದ್ದೀನಿ!*

*

ಬಸ್ ಡ್ರೈವರುಗಳಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ಡಿಪೋದವರು ಕಳಿಸುವುದು ಅವಳ ಅಂಗಡಿಗೇ. ಬುಧವಾರ ಅವಳು ತಲೆಯೆತ್ತಿ "ಮುಂದಿನವರು" ಎಂದಾಗ ಒಳಗೆ ಬಂದವನು ಅವನು.



"ಕೂತ್ಕೊಳ್ಳಿ" ಎಂದಳು, ಕುರ್ಚಿಗೆ ಬೈಯುವವಳಂತೆ.

ಮೊದಲು ಬಣ್ಣದ ಪರೀಕ್ಷೆ. ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ಓದಬೇಕು. ಹಸಿರು ಗುರುತಿಸಲಾಗದವನಿರಬೇಕು ಇವನು, ಅದಕ್ಕೇ ಹೀಗೆ ಎಂದು ಅವಳಿಗೊಂದು ಆಸೆಯಿತ್ತು. ಅವನು ಎಲ್ಲವನ್ನೂ ಪಟಪಟನೆ ಸರಿಯಾಗಿ ಓದಿದ. ಅವಳಿಗೆ ಇನ್ನಷ್ಟು ಉರಿಯಿತು!

ದೀಪ ಸಣ್ಣದು ಮಾಡಿ ಪರೀಕ್ಷೆಯ ಕನ್ನಡಕದ ಚೌಕಟ್ಟನ್ನು ಅವನ ಮೂಗಿಗೆ ಕೂರಿಸಿದಳು. ಇಷ್ಟು ಹತ್ತಿರದಿಂದ ಅವನ ಮುಖವನ್ನು ನೋಡಿರಲಿಲ್ಲ. ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ. ಅವನು ಉಸಿರು ಬಿಗಿಹಿಡಿದು ಕೂತಿದ್ದ.

"ಉಸಿರಾಡಿ. ಇದೇನು ಆಪರೇಷನ್ ಅಲ್ಲ."

"ನೀವು ಮಾಡಿದ್ರೂ ಮಾಡ್ತೀರಿ."

ನಗು ಬರುವುದರಲ್ಲಿತ್ತು. ಅವಳು ತುಟಿ ಬಿಗಿಮಾಡಿ ಅಕ್ಷರದ ಚಾರ್ಟಿದ್ದ ಗೋಡೆಯ ದೀಪದ ಪೆಟ್ಟಿಗೆಯತ್ತ ಕೈ ತೋರಿಸಿದಳು. "ಓದಿ."

ಅವನು ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದ. ಆಮೇಲೆ ತಡೆದು ತಡೆದು ಕೇಳಿದ. "ಈ ಚಾರ್ಟ್... ಯಾವಾಗಲೂ ಇದೊಂದೇನಾ? ಬದಲಾಯಿಸೋದಿಲ್ವಾ?"

"ಯಾಕೆ?"

"ಅಲ್ಲ... ಪದೇ ಪದೇ ಬರೋರಿಗೆ ಬಾಯಿಪಾಠ ಆಗಿಬಿಡಬಹುದಲ್ವಾ?"

"ಬಾಗಿಲು ಆಯ್ತು, ಈಗ ನನ್ನ ಕೆಲಸಕ್ಕೂ ಕೈ ಹಾಕ್ತೀರಾ? ನಾನು ಬಂದು ನಿಮಗೆ ಗೇರ್ ಹಾಕೋದು ಕಲಿಸ್ತೀನಾ?"

ಅವನು ಎದ್ದ. ಚೌಕಟ್ಟನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟ. ಬಾಗಿಲ ಬಳಿ ನಿಂತು ಏನೋ ಹೇಳಲು ಬಾಯಿ ತೆರೆದ... ಹೇಳದೇ ಹೋದ.

*

ಎರಡು ದಿನ ಕಳೆದು ಟೈಲರಮ್ಮನ ಫೋನ್ ಬಂತು.

"ಬೇಗ ಬಾರೇ. ನಿಮ್ಮಮ್ಮ ಬಿದ್ದಿದ್ದಾರೆ. ಗಾಬರಿ ಆಗೋಂಥದ್ದೇನಿಲ್ಲ, ಆದರೂ ಬಾ."

ಅವಳು ಓಡಿದಳು. ಅಮ್ಮ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದಳು. ಮೊಣಕೈ ತರಚಿ ರಕ್ತ ಬಂದಿತ್ತು. ಪಕ್ಕದಲ್ಲಿ ಮಂಡಿಯೂರಿ ಗಾಯ ತೊಳೆಯುತ್ತಿದ್ದವನು ಡ್ರೈವರ್!

"ಮುಟ್ಟಬೇಡಿ ಅವರನ್ನ! ಎಲ್ಲಾ ನಿಮ್ಮಿಂದಲೇ! ಬಾಗಿಲಿಗೆ ಕಂಡ ಕಂಡ ಬಣ್ಣ ಬಳಿದು ಅಮ್ಮನಿಗೆ ಗೊಂದಲ ಮಾಡಿಟ್ರಿ!"

"ಅವನನ್ನ ಯಾಕೆ ಬೈತೀಯೆ?" ಟೈಲರಮ್ಮ ಅಡ್ಡ ಬಂದರು. "ಬಾಗಿಲು ಹಳದಿಯಾಗೇ ಇದೆಯಲ್ಲ! ನಾನು ಕಿಟಕಿಯಿಂದ ನೋಡ್ತಾನೇ ಇದ್ದೆ. ನಿಮ್ಮಮ್ಮ ಅದರ ಮುಂದೇನೇ ನಡ್ಕೊಂಡು ಹೋದ್ರು. ನಿಂತ್ರು, ಎರಡೂ ಕಡೆ ನೋಡಿದ್ರು, ಮುಂದೆ ಹೋದ್ರು. ಕೂಗಿದ್ರೆ ಕೇಳಿಸಲಿಲ್ಲ. ಮೇನ್ ರೋಡಿಗೆ ಇಳಿದೇಬಿಟ್ರು. ಸೈಕಲ್ಲಿನವನು ಬ್ರೇಕ್ ಹಾಕದೇ ಇದ್ದಿದ್ರೆ... ಹಿಂದೆ ಲಾರಿ ಇತ್ತು ಕಣೆ."

ಅವಳು ಬಾಗಿಲ ಹಳದಿಯತ್ತ ತಿರುಗಿ ನೋಡಿದಳು.

ಡ್ರೈವರ್ ಎದ್ದು ನಿಂತ. ಅವನು ಅವಳತ್ತ ನೋಡಲಿಲ್ಲ.

"ಅಮ್ಮಾ, ಇನ್ನು ನನ್ನ ಕೈಲಾಗಲ್ಲ. ನಾಳೆಯೊಳಗೆ ನೀವೇ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ. ಆಣೆ ಮುರಿದ್ರೆ ಮುರೀಲಿ."

ಅವನು ಡ್ಯೂಟಿಗೆ ಹೊರಟುಹೋದ.

"ಏನಮ್ಮಾ ಹೇಳೋದು? ಯಾವ ಆಣೆ?"

"ಏನೂ ಇಲ್ಲ ಪುಟ್ಟಿ. ಬಿಸಿಲಿಗೆ ತಲೆ ಸುತ್ತಿತು ಅಷ್ಟೇ" ಎಂದಳು ಅಮ್ಮ.

ಮೋಡ ಕವಿದ ಮಧ್ಯಾಹ್ನವದು.

ಅವಳು ಮತ್ತೆ ಕೇಳಲಿಲ್ಲ. ಅಡುಗೆಮನೆಯಲ್ಲಿ ನೀರಿನ ಲೋಟ ಹಿಡಿದು ನಿಂತಾಗ ಅವನ ಪ್ರಶ್ನೆ ಕಿವಿಯಲ್ಲಿ ಕೇಳಿತು. *ಬಾಯಿಪಾಠ ಆಗಿಬಿಡಬಹುದಲ್ವಾ?* ಲೋಟ ಕೈಯಲ್ಲೇ ಉಳಿಯಿತು.

*

ಮರುದಿನ ಅಂಗಡಿ ತೆರೆಯುವ ಮೊದಲೇ ಅಮ್ಮನನ್ನು ಕರೆತಂದು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದಳು. ದೀಪದ ಪೆಟ್ಟಿಗೆಯಿಂದ ಚಾರ್ಟನ್ನು ಸದ್ದಿಲ್ಲದೆ ಹೊರಗೆಳೆದಳು. ಗೋಡೆಯಲ್ಲಿ ಈಗ ಬರೀ ಬಿಳಿಯ ಬೆಳಕಿನ ಚೌಕ. ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

"ಓದಮ್ಮ."

ಅಮ್ಮ ಕನ್ನಡಕ ಸರಿಮಾಡಿಕೊಂಡಳು. ಕತ್ತು ತುಸು ಮುಂದೆ ಚಾಚಿದಳು. "ಮೊದಲನೇ ಸಾಲು... ಟ, ಮ. ಎರಡನೇದು... ರ, ಗ, ವ." ಮೂರನೆಯ ಸಾಲಿನಲ್ಲಿ ಬೇಕೆಂದೇ ಸ್ವಲ್ಪ ತಡವರಿಸಿದಳು. ನಾಲ್ಕನೆಯದನ್ನು ಕಣ್ಣು ಕಿರಿದು ಮಾಡಿ ಓದಿದಳು. "ಐದನೇದು ಕಷ್ಟ ಪುಟ್ಟಿ... ಸ, ಬ, ದ... ಆಮೇಲೆ ನ ಇರಬೇಕು."

ಒಂದೂ ತಪ್ಪಿರಲಿಲ್ಲ.

ಮಗಳು ಗೋಡೆಗೆ ಒರಗಿದಳು.

"ಅಮ್ಮಾ, ಅಲ್ಲಿ ಏನೂ ಇಲ್ಲ."

ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಎಷ್ಟು ದಿನದಿಂದ?" ಅವಳ ಸಿಟ್ಟು ಒಡೆಯಿತು. "ಎಷ್ಟು ದಿನದಿಂದ ನನಗೆ ಮೋಸ ಮಾಡ್ತಿದ್ದೀಯ? ಊರಿನವರ ಕಣ್ಣೆಲ್ಲಾ ನೋಡ್ತೀನಿ ನಾನು! ನಮ್ಮಮ್ಮನ ಕಣ್ಣು ನನಗೆ ಗೊತ್ತಿಲ್ಲ!"

"ಕೂಗಬೇಡ" ಎಂದಳು ಅಮ್ಮ. ಆ ದನಿಯಲ್ಲೂ ಕೋಪವಿತ್ತು, ಹಳೆಯದು, ಅದುಮಿಟ್ಟದ್ದು. "ಎರಡು ವರ್ಷದ ಹಿಂದೆ ನಾನು ಎರಡು ಸಾಲು ಕಮ್ಮಿ ಓದಿದೆ ಅಂತ ನೀನು ನಿಶ್ಚಯ ಆಗಿದ್ದ ಮದುವೇನ ಬಿಟ್ಟೆ. ನನ್ನನ್ನ ಒಂದು ಮಾತು ಕೇಳಲಿಲ್ಲ. ಇನ್ನೆರಡು ಸಾಲು ಕಮ್ಮಿ ಓದಿದ್ರೆ ಕೆಲಸ ಬಿಟ್ಟು ನನ್ನ ಪಕ್ಕ ಕೂರ್ತಿದ್ದೆ. ನನ್ನನ್ನ ಬಾಗಿಲ ಹೊರಗೆ ಕಳಿಸ್ತಿದ್ಯಾ? ಇಲ್ಲ. ಅದಕ್ಕೇ ಬಾಯಿಪಾಠ ಮಾಡಿದೆ. ಊರಿನ ನಂಬರೆಲ್ಲಾ ನೆನಪಿಟ್ಟೋಳಿಗೆ ಐದು ಸಾಲು ಏನು ಮಹಾ!"

"ಮತ್ತೆ ಬಾಗಿಲು?"

"ಬಾಗಿಲಿಗೆ ಹಳದಿ ಅಂತ ತೀರ್ಮಾನ ಮಾಡಿದೋಳೂ ನೀನೇ. ಆಗ ಗೋಡೆ ಬೂದು ಇತ್ತು, ಹಳದಿ ಕಾಣ್ತಿತ್ತು. ಓನರ್ ಗೋಡೆಗೆಲ್ಲಾ ಕೆನೆ ಬಣ್ಣ ಬಳಿಸಿದ್ರಲ್ಲ, ಆವತ್ತಿಂದ ಗೋಡೆ, ಬಿಳೀ ಬಾಗಿಲು, ಹಳದಿ ಬಾಗಿಲು ಎಲ್ಲಾ ಒಂದೇ ಹಾಲಿನ ನೀರು. ಆ ಹುಡುಗ ಬಂದ ದಿನವೇ ನನ್ನನ್ನ ಹಿಡಿದ. ಪಕ್ಕದ ಮನೆ ಬೀಗಕ್ಕೆ ನಮ್ಮ ಕೀಲಿ ಹಾಕ್ತಾ ನಿಂತಿದ್ದೆ. ಕಡು ಹಸಿರು ಬಳಿ ಅಂತ ಅವನಿಗೆ ಹೇಳಿದೋಳು ನಾನೇ. ನನಗದು ಕಪ್ಪಗೆ ಕಾಣುತ್ತೆ, ಬೆಳಕಿನಲ್ಲಿ ಬಾಯಿ ತೆರೆದ ಗವಿ ಹಾಗೆ. ಅದರೊಳಗೆ ನಡೆದುಬಿಟ್ಟರೆ ನಮ್ಮನೆ. ಮಗಳಿಗೆ ಹೇಳಿದ್ರೆ ನನ್ನ ಮೇಲಾಣೆ ಅಂತ ಅವನ ಬಾಯಿ ಕಟ್ಟಿದೆ."

ಮಗಳು ದಿನಾ ಆ ಕೆನೆ ಬಣ್ಣದ ಗೋಡೆಯ ಮುಂದೆ ಹಾದುಹೋಗುತ್ತಿದ್ದಳು. ಕಣ್ಣಿಗೆ ಬೇಕಾದ್ದು ಬಣ್ಣವಲ್ಲ, ತಿಳಿ ಮತ್ತು ಕಡುವಿನ ಅಂತರ ಎಂದು ಗಿರಾಕಿಗಳಿಗೆ ಹೇಳುತ್ತಿದ್ದವಳೂ ಅವಳೇ.

ಅಮ್ಮನನ್ನು ಅಪ್ಪಿಕೊಂಡು ಅತ್ತಳು. ಅತ್ತು ಮುಗಿದ ಮೇಲೂ ಸಿಟ್ಟು ಮುಗಿದಿರಲಿಲ್ಲ.

*

ಡಿಪೋದಲ್ಲಿ ಅವನ ಬಸ್ಸು ಖಾಲಿಯಾಗಿ ನಿಂತಿತ್ತು. ಅವನು ಒಳಗಿನಿಂದ ಮುಂದಿನ ಗಾಜು ಒರೆಸುತ್ತಿದ್ದ. ಅವಳು ಬಸ್ಸಿನ ಮೆಟ್ಟಿಲು ಹತ್ತಿ ನೇರ ಅವನೆದುರು ನಿಂತಳು.

"ಯಾಕೆ ಹೇಳಲಿಲ್ಲ?"

ಅವನಿಗೆ ಅರ್ಥವಾಯಿತು. ಬಟ್ಟೆಯನ್ನು ಸ್ಟೀರಿಂಗಿನ ಮೇಲೆ ಹಾಕಿದ.

"ಆಣೆ ಹಾಕಿಸ್ಕೊಂಡಿದ್ರು."

"ಆಣೆ! ಅಮ್ಮ ಲಾರಿ ಕೆಳಗೆ ಹೋಗಿದ್ರೆ ನಿನ್ನ ಆಣೆ ತಂದು ಎಲ್ಲಿಡ್ತಿದ್ದೆ? ನಾನು ಮೂರ್ಖಳ ಹಾಗೆ ಹಳದಿ ಬಳೀತಿದ್ರೆ ಬಿಳೀ ಕೋಟ್ ಹೊಡೀರಿ ಅಂತ ಬುದ್ಧಿ ಹೇಳೋಕೆ ಬಂದೆ! ಹೇಳಬೇಕಾದ್ದು ಅದಾ?"

"ಅಲ್ಲ. ನಂದು ತಪ್ಪು. ನಿನ್ನೆ ಆ ರಕ್ತ ತೊಳೆಯುವಾಗ ಅದೇ ಅಂದ್ಕೊಂಡೆ... ಆಣೆಗಿಂತ ಮೊದಲು ನಿಮಗೆ ಹೇಳ್ಬೇಕಿತ್ತು." ಅವನು ನಿಲ್ಲಿಸಿದ. ಆಮೇಲೆ ಮೊದಲ ಬಾರಿಗೆ ಅವನ ದನಿ ಏರಿತು. "ಆದರೆ ನೀವೂ ಒಂದು ಮಾತು ಹೇಳಿ. ಅಷ್ಟು ಬೈದ್ರಲ್ಲ, ಬೀದಿಯೆಲ್ಲಾ ನಿಂತು ನೋಡೋ ಹಾಗೆ... ನಾನು ಗೊತ್ತು ಅಂದಾಗ, ಗೊತ್ತಿದ್ದೂ ಯಾಕೆ ಮಾಡ್ತಾನೆ ಅಂತ ಒಂದ್ಸಲ ಯೋಚನೆ ಮಾಡಿದ್ರಾ? ಕಣ್ಣು ಕಾಣದ ಹೆಂಗಸಿನ ಬಾಗಿಲು ಕೆಡಿಸೋಂಥ ಮನುಷ್ಯನ ಥರ ಕಾಣ್ತೀನಾ ನಾನು?"

ಅವಳು ಪಕ್ಕದ ಸೀಟಿನ ಕಂಬಿ ಹಿಡಿದುಕೊಂಡಳು.

"ದಿನಾ ಬೆಳಗ್ಗೆ ನಿಮ್ಮ ಬಾಗಿಲ ಮುಂದೆ ಕಳ್ಳನ ಹಾಗೆ ಹೆಜ್ಜೆ ಇಡ್ತಿದ್ದೆ, ನಿಮ್ಮ ನಿದ್ದೆ ಕೆಡಬಾರದು ಅಂತ. ಅಷ್ಟು ಬೈಸಿಕೊಂಡೂ! ನನ್ನ ಮೇಲೆ ನನಗೇ ಸಿಟ್ಟು ಬರ್ತಿತ್ತು. ಇಷ್ಟು ಬೈಯೋಳನ್ನ ಯಾಕೆ ಇಷ್ಟಪಡ್ತಿದ್ದೀಯೋ ಅಂತ..."

ಮಾತು ಬಾಯಿ ಜಾರಿ ಹೊರಬಿದ್ದಿತ್ತು. ಅವನು ತಟ್ಟನೆ ಬಟ್ಟೆ ಎತ್ತಿಕೊಂಡು ಗಾಜಿನತ್ತ ತಿರುಗಿ, ಆಗಲೇ ಹೊಳೆಯುತ್ತಿದ್ದ ಜಾಗವನ್ನೇ ಒರೆಸತೊಡಗಿದ.



"ಆ ಗಾಜು ಸವೆದುಹೋಗುತ್ತೆ" ಎಂದಳು. "ಡ್ಯೂಟಿ ಎಷ್ಟು ಗಂಟೆಗೆ ಮುಗಿಯುತ್ತೆ?"

"ಇವತ್ತು ಮಧ್ಯಾಹ್ನಕ್ಕೇ. ಯಾಕೆ?"

"ಮನೆಗೆ ಬಾ. ಈ ಸಲ ಬಣ್ಣ ಆರಿಸೋದು ಅಮ್ಮ. ನಾನೂ ಅಲ್ಲ, ನೀನೂ ಅಲ್ಲ."

*

ಸಂಜೆಯ ಬಿಸಿಲಿನಲ್ಲಿ ಎರಡು ಹಲಗೆಗಳನ್ನು ಬಾಗಿಲ ಎರಡು ಪಕ್ಕ ಗೋಡೆಗೆ ಒರಗಿಸಿದರು. ಒಂದು ಹಳದಿ, ಒಂದು ಹಸಿರು. ಯಾವುದು ಎಲ್ಲಿದೆ ಎಂದು ಅಮ್ಮನಿಗೆ ಹೇಳಲಿಲ್ಲ. ಟೈಲರಮ್ಮ ಅವಳನ್ನು ಬೀದಿಯ ತುದಿಗೆ ಕರೆದೊಯ್ದು ನಿಲ್ಲಿಸಿದರು.

"ನಡೀರಿ, ಯಾವುದು ಕಾಣುತ್ತೋ ಅದರ ಹತ್ರ ಹೋಗಿ" ಎಂದು ಅಲ್ಲೇ ನಿಂತರು.

ಹಳದಿಯ ಪಕ್ಕ ಮಗಳು ನಿಂತಿದ್ದಳು. ತಪ್ಪು ಎಂದು ಗೊತ್ತಿದ್ದರೂ ಒಳಗೊಳಗೇ ಒಂದು ಆಸೆ... ತಾನು ಬಳಿದ ಬಣ್ಣ ಅಮ್ಮನಿಗೆ ಒಂಚೂರಾದರೂ ಕಾಣಲಿ!

ಅಮ್ಮ ನಡೆದು ಬಂದಳು. ಬಿಳೀ ಬಾಗಿಲುಗಳನ್ನು ಒಂದೊಂದಾಗಿ ದಾಟಿದಳು. ಹಳದಿ ಹಲಗೆಯ ಮುಂದೆ, ಮಗಳ ಮುಂದೆ, ತಡೆಯದೆ ಹಾದುಹೋದಳು. ಹಸಿರಿನ ಎದುರು ನಿಂತು ಕೈಚಾಚಿ ಹಲಗೆಯನ್ನು ಮುಟ್ಟಿದಳು.

"ಇದು" ಎಂದಳು. "ಇದು ನನ್ನ ಮನೆ."

ಮಗಳು ಹಳದಿ ಹಲಗೆಯನ್ನು ಗೋಡೆಗೆ ತಿರುಗಿಸಿಟ್ಟಳು. ಅಮ್ಮ ಅವಳ ಕೆನ್ನೆ ಹುಡುಕಿ ತಟ್ಟಿದಳು. "ನಾಳೆ ಡಾಕ್ಟರ ಹತ್ರ ಹೋಗೋಣ. ನಿಜವಾಗಿ ಓದ್ತೀನಿ. ಆದರೆ ವಾಕಿಂಗ್ ಮಾತ್ರ ಬಿಡೋದಿಲ್ಲ."

"ಬಿಡಬೇಡ. ಕೈಗೊಂದು ಕೋಲು ತಗೋ."

"ನೋಡೋಣ" ಎಂದು ಅಮ್ಮ ಒಳಗೆ ಹೋದಳು.

ಅವನು ಡಬ್ಬದಲ್ಲಿ ಕಡ್ಡಿಯಾಡಿಸುತ್ತಾ ಓರೆಗಣ್ಣಿನಲ್ಲಿ ನೋಡಿದ.

"ಇನ್ನೂ ಕೋಪಾನಾ?"

"ಹೂಂ."

"ಯಾರ ಮೇಲೆ?"

"ಅಮ್ಮನ ಮೇಲೆ. ನಿನ್ನ ಮೇಲೆ. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ."

"ನನ್ನ ಪಾಲು ಸ್ವಲ್ಪ ಕಮ್ಮಿ ಮಾಡ್ಬಹುದಾ?"

"ಇನ್ಮೇಲೆ ಯಾರು ಆಣೆ ಹಾಕಿದ್ರೂ ನನ್ನಿಂದ ಏನೂ ಮುಚ್ಚಿಡಬಾರದು. ಹಾಗಿದ್ರೆ ಯೋಚನೆ ಮಾಡ್ತೀನಿ."

ಅವನ ಕೈ ನಿಂತಿತು. "ಸರಿ. ಹಾಗಾದ್ರೆ ಈಗಲೇ ಹೇಳ್ತೀನಿ. ನಾಳೆ ನಿಮ್ಮಮ್ಮನ ಹತ್ರ ಮಾತಾಡ್ಬೇಕು ಅಂತಿದ್ದೀನಿ... ನಮ್ಮಿಬ್ಬರ ವಿಷಯ."

"ನಮ್ಮಿಬ್ಬರ ವಿಷಯ ಅಮ್ಮನ ಹತ್ರ ಯಾಕೆ ಮೊದಲು?" ಅವಳು ಗದರಿದಳು. ಗದರುವಾಗಲೇ ಕಣ್ಣು ತುಂಬಿ ಬಂತು. "ನನ್ನನ್ನ ಕೇಳು."

"ಕೇಳ್ತಿದ್ದೀನಿ."

"ಹೂಂ."

"ಅಂದ್ರೆ... ಕೋಪದ ಹೂಂ ಆ, ಒಪ್ಪಿಗೆಯ ಹೂಂ ಆ?"

"ಎರಡೂ" ಎಂದಳು. ಅವನ ಇನ್ನೊಂದು ಕೈಯಲ್ಲಿದ್ದ ಎರಡು ಬ್ರಷ್‌ಗಳಲ್ಲಿ ಒಂದನ್ನು ತೆಗೆದುಕೊಂಡಳು, ಈ ಸಲ ಮೆಲ್ಲಗೆ. "ನೀನು ಮೇಲಿನ ಅರ್ಧ ಬಳಿ. ಕೆಳಗಿನದು ನನಗಿರಲಿ. ಬಿಸಿಲು ಇಳಿಯೋಕೆ ಮುಂಚೆ ಮುಗಿಸಬೇಕು."